ಕೊಂಡಿ ಬಿಟ್ಟಿದೆ, ಸೀರೆ ಹರಿದಿಲ್ಲ!

ಕಂಪ್ಯೂಟರು ಶುರುವಾಗುವ ಹೊತ್ತಿಗೇ ‘ಡಿಸ್ಕ್ ಸಿಗುತ್ತಿಲ್ಲ’ ಎಂದು ಕೈ ಚೆಲ್ಲಿದರೆ ಓದುವ ಮಕ್ಕಳ ಮನೆಯಲ್ಲಿ ಸೂತಕದ ಕಳೆ. ಆದರೆ ಎಷ್ಟೋ ಸಲ ಹೋಗಿರುವುದು ಡಿಸ್ಕಲ್ಲ, ಡಿಸ್ಕಿನ ಸಂಬಂಧ ಮಾತ್ರ.

ಶನಿವಾರ ರಾತ್ರಿ ಹತ್ತು ಗಂಟೆ. ಇಳಕಲ್ಲಿನ ಒಂದು ಓಣಿ. ಹಗಲೆಲ್ಲ ಖಟಕ್ ಖಟಕ್ ಎನ್ನುತ್ತಿದ್ದ ಮಗ್ಗಗಳು ಸುಮ್ಮನಾಗಿವೆ. ಒಂದು ಮನೆಯ ಪಡಸಾಲೆಯಲ್ಲಿ ಮಾತ್ರ ಇನ್ನೂ ದೀಪ ಉರಿಯುತ್ತಿದೆ. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿರುವ ಮಗಳು ಆ ದಿನವೇ ಊರಿಗೆ ಬಂದಿದ್ದಾಳೆ. ಹಾಸ್ಟೆಲ್ಲಿನ ಕೋಣೆ ಖಾಲಿ ಮಾಡಿ, ಎರಡು ವರ್ಷದ ಹಿಂದೆ ಕೊಂಡಿದ್ದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ಅಮೀನಗಡ, ಹುನಗುಂದಗಳನ್ನು ಹಾಯ್ದು ಬರುವ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದಿದ್ದಾಳೆ. ಸೋಮವಾರ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಇನ್ನು ಹತ್ತು ಪುಟ ಬಾಕಿ.

ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ದೀಪ ಹತ್ತಿತು. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು: ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’. ಅಂದರೆ, ಸರಿಯಾದ ಸಾಧನ ಯಾವುದೆಂದು ತೋರಿಸಿ ಮತ್ತೆ ಶುರು ಮಾಡಿ. ಮತ್ತೆ ಒತ್ತಿದಳು. ಮತ್ತೆ ಅದೇ ಸಾಲು.

“ಏನಾತವಾ?” ಎಂದರು ಅಪ್ಪ.

“ಎಲ್ಲಾ ಹೋತಪ್ಪಾ. ಡಿಸ್ಕ ಕಾಣವಲ್ದಂತ.”

ಫೋನಿನಲ್ಲಿ ಸಿಕ್ಕ ಪರಿಚಯದ ಹುಡುಗನೊಬ್ಬ ಧೈರ್ಯ ತುಂಬಿದ: “ನಾಳೆ ತಗೊಂಬಾ, ಫಾರ್ಮ್ಯಾಟ್ ಹೊಡದ್ರ ಸರಿ ಆಕೈತಿ.”

ಇದು ಯಾವುದೋ ಒಂದು ಮನೆಯ ಕತೆಯಲ್ಲ. ಕಂಪ್ಯೂಟರಿರುವ ಯಾವ ಮನೆಯಲ್ಲಾದರೂ ನಡೆಯಬಹುದಾದ ಕಲ್ಪಿತ ಸಂಗತಿ. ಇದರಲ್ಲಿ ಅಪಾಯವಿರುವುದು ಪರದೆಯ ಮೇಲಿನ ಸಾಲಿನಲ್ಲಲ್ಲ, ಕೊನೆಯ ಮಾತಿನಲ್ಲಿ. ಮರುದಿನ ಬೆಳಿಗ್ಗೆ ಆ ಹುಡುಗಿ ಏನು ಮಾಡುತ್ತಾಳೆ ಎಂಬುದರ ಮೇಲೆ ಅವಳ ಒಂದು ವರ್ಷದ ದುಡಿಮೆ ಉಳಿಯುವುದೋ ಅಳಿಯುವುದೋ ನಿಂತಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎನ್ನುವ ಗಾದೆಗೆ ಕಂಪ್ಯೂಟರ್ ಯುಗದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಯಂತ್ರದ ಸುಪ್ರಭಾತ

ಗುಂಡಿ ಒತ್ತಿದ ಮೊದಲ ಕೆಲವು ಕ್ಷಣಗಳಲ್ಲಿ ಕಂಪ್ಯೂಟರಿಗೆ ತಾನು ಯಾರೆಂಬುದೇ ಗೊತ್ತಿರುವುದಿಲ್ಲ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಪ್ರಾಜೆಕ್ಟ್ ವರದಿ ಇರಲಿ, ಎಲ್ಲವೂ ಇರುವುದು ಡಿಸ್ಕಿನಲ್ಲಿ. ಆ ಡಿಸ್ಕನ್ನು ಹುಡುಕಿ ಎಬ್ಬಿಸಲು ಒಬ್ಬ ಕಾವಲುಗಾರ ಬೇಕು. ಮುಖ್ಯ ಫಲಕವಾದ ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ ಆ ಕಾವಲುಗಾರನ ವಾಸ. ಹಳೆಯ ಯಂತ್ರಗಳಲ್ಲಿ ಅವನ ಹೆಸರು ಬಯೋಸ್, ಈಚಿನವುಗಳಲ್ಲಿ ಯು.ಇ.ಎಫ್.ಐ.

ಈತ ಎದ್ದ ಕೂಡಲೇ ಮನೆಯೆಲ್ಲ ಒಮ್ಮೆ ಸುತ್ತು ಹಾಕುತ್ತಾನೆ. ಪ್ರೊಸೆಸರ್ ಇದೆಯೆ? ಮೆಮೊರಿ ಇದೆಯೆ? ಕೀಲಿಮಣೆ ಇದೆಯೆ? ಡಿಸ್ಕು ಇದೆಯೆ? ಈ ಸುತ್ತಿಗೆ ‘ಪೋಸ್ಟ್’ ಎಂದು ಹೆಸರು. ಶುರುವಾಗುವಾಗ ಯಂತ್ರ ತನ್ನನ್ನೇ ಪರೀಕ್ಷಿಸಿಕೊಳ್ಳುವುದು ಎಂದರ್ಥ. ಡಿಸ್ಕು ಉತ್ತರ ಕೊಟ್ಟರೆ ಕಾವಲುಗಾರ ಅದರೊಳಗೆ ಕಾರ್ಯಾಚರಣ ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ಸೂಚನೆಯನ್ನು ಹುಡುಕುತ್ತಾನೆ. ಹಳೆಯ ಪದ್ಧತಿಯಲ್ಲಿ ಅದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಖಾನೆಯಲ್ಲಿ ಇರುತ್ತದೆ. ಹೊಸ ಪದ್ಧತಿಯಲ್ಲಿ ಅದಕ್ಕೆಂದೇ ಮೀಸಲಿಟ್ಟ ಒಂದು ಭಾಗದಲ್ಲಿ. ಸೂಚನೆ ಸಿಕ್ಕರೆ ಯಜಮಾನಿಕೆಯನ್ನು ಅದಕ್ಕೆ ಒಪ್ಪಿಸಿ ತಾನು ಹಿಂದೆ ಸರಿಯುತ್ತಾನೆ. ಸಿಗದಿದ್ದರೆ ಅಲ್ಲಿಯೇ ನಿಂತು ಆ ಒಂದು ಸಾಲು ಬರೆಯುತ್ತಾನೆ.

ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ. ಕಾವಲುಗಾರ ಹೇಳುತ್ತಿರುವುದು ‘ನನಗೆ ಸಿಗಲಿಲ್ಲ’ ಎಂದು ಮಾತ್ರ. ‘ಸತ್ತುಹೋಗಿದೆ’ ಎಂದಲ್ಲ. ಶಾಲೆಯ ಹಾಜರಿಯಲ್ಲಿ ಮಗುವೊಂದು ‘ಇದ್ದೇನೆ’ ಎನ್ನದಿದ್ದರೆ ಮೇಷ್ಟ್ರು ಗೈರುಹಾಜರಿ ಹಾಕುತ್ತಾರೆ. ಮಗು ಬಾಗಿಲಾಚೆ ನಿಂತಿರಬಹುದು, ದನಿ ಕೇಳಿಸದೆ ಇರಬಹುದು, ಜ್ವರದಿಂದ ಮಲಗಿರಲೂಬಹುದು. ಗೈರುಹಾಜರಿಯ ಗುರುತು ಒಂದೇ, ಕಾರಣಗಳು ಹಲವು.

ಸೆರಗಿಗೂ ಒಡಲಿಗೂ ನಡುವೆ

ಇಳಕಲ್ ಸೀರೆಯ ಗುಟ್ಟು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕುಣಿಕೆ ಹಾಕಿ ಮಗ್ಗದ ಮೇಲೆ ಜೋಡಿಸುತ್ತಾರೆ. ಈ ಜೋಡಣೆಗೆ ನೇಕಾರರ ಮಾತಿನಲ್ಲಿ ‘ಕೊಂಡಿ’ ಎಂದು ಹೆಸರು. ಕೊಂಡಿ ಬಿಟ್ಟರೆ ಸೆರಗು ಒಡಲಿನಿಂದ ಕಳಚಿಕೊಳ್ಳುತ್ತದೆ. ಹಾಗೆಂದು ಸೆರಗು ಕೆಟ್ಟಿತೆಂದೋ ಒಡಲು ಹರಿಯಿತೆಂದೋ ಯಾವ ನೇಕಾರನೂ ಹೇಳುವುದಿಲ್ಲ. ಕೊಂಡಿಯನ್ನು ಮತ್ತೆ ಹಾಕುತ್ತಾನೆ, ಅಷ್ಟೆ.

ಕಂಪ್ಯೂಟರಿನಲ್ಲೂ ಮದರ್‌ಬೋರ್ಡು ಬೇರೆ, ಡಿಸ್ಕು ಬೇರೆ. ಇವೆರಡರ ನಡುವೆ ಇರುವುದೂ ಕೊಂಡಿಯೇ. ಟೇಬಲ್ಲಿನ ಕಂಪ್ಯೂಟರಿನ ಡಿಸ್ಕಿಗೆ ಎರಡು ಕೇಬಲ್‌ಗಳು ಬರುತ್ತವೆ. ಅಗಲವಾದದ್ದು ವಿದ್ಯುತ್ತಿನದು, ಅದರಲ್ಲಿ 15 ಸಂಪರ್ಕಬಿಂದುಗಳು. ಕಿರಿದಾದದ್ದು ಮಾಹಿತಿಯದು, ಅದರಲ್ಲಿ 7. 2003ರ ಸುಮಾರಿಗೆ ಬಳಕೆಗೆ ಬಂದ ಈ ಜೋಡಣೆಗೆ ‘ಸಾಟಾ’ ಎಂದು ಹೆಸರು. ಅದಕ್ಕೂ ಮುಂಚೆ 40 ಸೂಜಿಗಳ ಅಗಲ ಪಟ್ಟಿಯಂಥ ಕೇಬಲ್ ಇತ್ತು. ಆ ಕಾಲದಲ್ಲಿ ಒಂದೇ ಪಟ್ಟಿಗೆ ಎರಡು ಡಿಸ್ಕು ಹಾಕಿದರೆ ಯಾರು ಯಜಮಾನ, ಯಾರು ಅಧೀನ ಎಂದು ‘ಜಂಪರ್’ ಎಂಬ ಪುಟ್ಟ ಪ್ಲಾಸ್ಟಿಕ್ ಟೋಪಿಯಿಂದ ಗುರುತು ಮಾಡಬೇಕಿತ್ತು. ಎರಡೂ ಯಜಮಾನರಾದರೆ ಯಾರೂ ಕಾಣಿಸುತ್ತಿರಲಿಲ್ಲ!

ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ರೂಪವೇ ಬದಲಾಗಿದೆ. ಚೂಯಿಂಗ್ ಗಮ್ ಪಟ್ಟಿಯಷ್ಟು ಉದ್ದದ ಹಲಗೆಯೊಂದು ನೇರವಾಗಿ ಮದರ್‌ಬೋರ್ಡಿನ ಗಾಡಿಯಲ್ಲಿ ಕೂರುತ್ತದೆ. ಇದು ಎಸ್.ಎಸ್.ಡಿ. ಇದನ್ನು ಹಿಡಿದಿಡುವುದು ಒಂದೇ ಒಂದು ಸ್ಕ್ರೂ. ಆ ಸ್ಕ್ರೂ ಸಡಿಲವಾದರೆ ಇಲ್ಲಿಯೂ ಕೊಂಡಿ ಬಿಟ್ಟಂತೆಯೇ.

ಬಸ್ಸಿನ ಕುಲುಕಾಟ, ಕ್ಯಾಬಿನೆಟ್ಟನ್ನು ಎತ್ತಿ ಇಳಿಸುವಾಗಿನ ಧಕ್ಕೆ, ಬೇಸಿಗೆಯ ಬಿಸಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುವ ಲೋಹ, ಸಂಪರ್ಕಬಿಂದುಗಳ ಮೇಲೆ ಕೂರುವ ಧೂಳು, ಇವೆಲ್ಲ ಕೊಂಡಿಯ ಶತ್ರುಗಳು. ಎರೆಮಣ್ಣಿನ ಸಣ್ಣ ಧೂಳು ಕಿಟಕಿಯಿಂದ ಒಳಬರುವ ಸೀಮೆಯಲ್ಲಿ ಕ್ಯಾಬಿನೆಟ್ಟಿನ ಒಳಗನ್ನು ವರ್ಷಕ್ಕೊಮ್ಮೆಯಾದರೂ ನೋಡದಿದ್ದರೆ ಆಶ್ಚರ್ಯಪಡಬೇಕಾದ್ದೇನಿಲ್ಲ.

ಮೊದಲು ಓದಿ, ಆಮೇಲೆ ಮುಟ್ಟಿ

ವೈದ್ಯರು ಮೊದಲು ನಾಡಿ ನೋಡುತ್ತಾರೆ, ಕತ್ತರಿ ಎತ್ತುವುದು ಆಮೇಲೆ. ಇಲ್ಲಿಯೂ ಹಾಗೆಯೇ. ಪರದೆಯ ಮೇಲಿನ ಸಾಲನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಮೊದಲ ಕೆಲಸ. ಅಂಗಡಿಯವರಿಗೆ ‘ಏನೋ ಇಂಗ್ಲಿಷಿನಲ್ಲಿ ಬಂತು’ ಎನ್ನುವುದಕ್ಕಿಂತ ಆ ಚಿತ್ರ ಹತ್ತು ಪಾಲು ಉಪಯುಕ್ತ.

ಸಾಲುಗಳು ನಾನಾ ಬಗೆಯವಾದರೂ ಕುಲ ಮೂರೇ. ‘ನೋ ಬೂಟೆಬಲ್ ಡಿವೈಸ್’, ‘ಬೂಟ್ ಡಿವೈಸ್ ನಾಟ್ ಫೌಂಡ್’ ಎಂಬವು ಮೊದಲ ಕುಲ. ಡಿಸ್ಕು ಸಿಗುತ್ತಿಲ್ಲ, ಅಥವಾ ಸಿಕ್ಕ ಡಿಸ್ಕಿನಲ್ಲಿ ಶುರು ಮಾಡುವ ಸೂಚನೆ ಇಲ್ಲ ಎಂದು ಇದರ ಅರ್ಥ. ‘ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್’ ಎಂಬುದು ಎರಡನೆಯ ಕುಲ. ಇಲ್ಲಿ ಸಾಮಾನ್ಯವಾಗಿ ಡಿಸ್ಕು ಕಾಣುತ್ತಿದ್ದು ಒಳಗಿನ ವ್ಯವಸ್ಥೆ ಮಾತ್ರ ಸಿಗದೆ ಇರುತ್ತದೆ. ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಅಂಡ್ ರೀಪ್ಲೇಸ್’ ಎಂಬುದು ಮೂರನೆಯದು. ಇದು ಡಿಸ್ಕು ತಾನೇ ಹೇಳುತ್ತಿರುವ ಕೊನೆಗಾಲದ ಮಾತು. ಇದನ್ನು ಕಂಡರೆ ಆಟ, ಸಿನಿಮಾ ಎಲ್ಲ ಬದಿಗಿಟ್ಟು ಮುಖ್ಯ ಕಡತಗಳನ್ನು ಅಂದೇ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಎರಡನೆಯ ಕೆಲಸ, ಹೊರಗೆ ಸಿಕ್ಕಿಸಿರುವುದನ್ನೆಲ್ಲ ತೆಗೆಯುವುದು. ಬಾದಾಮಿಗೆ ಹೋಗಿ ಮೇಣಬಸದಿಯ ಚಿತ್ರಗಳನ್ನು ತುಂಬಿಸಿಕೊಂಡು ಬಂದ ಪೆನ್ ಡ್ರೈವು ಕಂಪ್ಯೂಟರಿನ ಹಿಂಬದಿಯಲ್ಲೇ ಉಳಿದಿದೆ ಎನ್ನಿ. ಕೆಲವು ಯಂತ್ರಗಳ ಕಾವಲುಗಾರ ಮೊದಲು ಅದರ ಬಾಗಿಲು ತಟ್ಟುತ್ತಾನೆ. ಅಲ್ಲಿರುವುದು ಗುಹೆಗಳ ಚಿತ್ರ, ವಿಂಡೋಸ್ ಅಲ್ಲ. ‘ಸಿಗಲಿಲ್ಲ’ ಎಂದು ನಿಂತುಬಿಡುತ್ತಾನೆ. ಪೆನ್ ಡ್ರೈವ್ ಕಿತ್ತು ಮತ್ತೊಮ್ಮೆ ಶುರು ಮಾಡಿದರೆ ಕತೆ ಸುಖಾಂತ. ಒಂದು ಪೈಸೆ ಖರ್ಚಿಲ್ಲ.

ಪಟ್ಟಿಯಲ್ಲಿ ಹೆಸರು ಇದೆಯೆ?

ಹಾಗೂ ಸರಿಯಾಗದಿದ್ದರೆ ಕಾವಲುಗಾರನನ್ನೇ ಕೇಳಬೇಕು. ಯಂತ್ರ ಶುರುವಾಗುತ್ತಿದ್ದಂತೆ ಒಂದು ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ ಅವನ ಕಚೇರಿ ತೆರೆಯುತ್ತದೆ. ತಯಾರಕರಿಗೆ ತಕ್ಕಂತೆ ಆ ಕೀಲಿ ಡಿಲೀಟ್, ಎಫ್2, ಎಫ್10 ಅಥವಾ ಎಸ್ಕೇಪ್ ಆಗಿರುತ್ತದೆ. ಮೊದಲ ಪರದೆಯ ಮೂಲೆಯಲ್ಲಿ ಅದನ್ನು ಬರೆದಿರುತ್ತಾರೆ. ಒಳಗೆ ‘ಸ್ಟೋರೇಜ್’ ಅಥವಾ ‘ಬೂಟ್’ ಎಂಬ ಪುಟದಲ್ಲಿ ಜೋಡಣೆಯಾಗಿರುವ ಡಿಸ್ಕುಗಳ ಪಟ್ಟಿ ಇರುತ್ತದೆ. ಇಲ್ಲಿ ಏನನ್ನೂ ಬದಲಿಸಬೇಕಿಲ್ಲ, ಓದಿದರೆ ಸಾಕು.

ಇಡೀ ಪರೀಕ್ಷೆಯ ಕವಲುದಾರಿ ಇದೇ. ಪಟ್ಟಿಯಲ್ಲಿ ಡಿಸ್ಕಿನ ಹೆಸರು ಇಲ್ಲದಿದ್ದರೆ ಮೊದಲ ಅನುಮಾನ ಕೊಂಡಿಯ ಮೇಲೆ, ವಿದ್ಯುತ್ತಿನ ಮೇಲೆ. ಅವೆರಡೂ ಸರಿಯಿದ್ದರೆ ಮಾತ್ರ ಡಿಸ್ಕಿನ ಮೇಲೆ. ಹೆಸರು ಇದ್ದರೆ ಕೊಂಡಿ ಬಹುಮಟ್ಟಿಗೆ ಸರಿಯಿದೆ, ದೋಷ ಕಾವಲುಗಾರನ ಕಡತದಲ್ಲೋ ಡಿಸ್ಕಿನೊಳಗಿನ ವ್ಯವಸ್ಥೆಯಲ್ಲೋ ಇದೆ. ಒಮ್ಮೆ ಕಂಡು ಮತ್ತೊಮ್ಮೆ ಮಾಯವಾಗುತ್ತಿದ್ದರೆ ಕೇಬಲ್ ಸಡಿಲ ಎಂಬ ಅನುಮಾನ ಇನ್ನೂ ಬಲವಾಗುತ್ತದೆ. ವಿದ್ಯಾರ್ಥಿಗಳು ಇಲ್ಲಿ ಕಲಿಯುವುದು ಕಂಪ್ಯೂಟರ್ ರಿಪೇರಿಯನ್ನು ಮಾತ್ರವಲ್ಲ, ಒಂದು ಪ್ರಶ್ನೆಯಿಂದ ಅರ್ಧ ಅನುಮಾನಗಳನ್ನು ಕಳೆಯುವ ವಿಧಾನವನ್ನು.

ಪೆಟ್ಟಿಗೆ ತೆರೆಯುವ ಮುನ್ನ

ವಾರಂಟಿ ಇನ್ನೂ ಇದ್ದರೆ ಪೆಟ್ಟಿಗೆಗೆ ಕೈ ಹಾಕದೆ ಕೊಂಡ ಕಡೆಗೇ ಒಯ್ಯುವುದು ಲೇಸು. ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚುವುದು ಕೂಡ ಮೊದಲ ಸಲದವರ ಕೆಲಸವಲ್ಲ, ಒಳಗೆ ಬ್ಯಾಟರಿ ಇರುತ್ತದೆ. ಟೇಬಲ್ಲಿನ ಕಂಪ್ಯೂಟರಾದರೆ ಹಿರಿಯರೊಬ್ಬರು ಜೊತೆಗಿದ್ದು ಈ ಕ್ರಮದಲ್ಲಿ ನೋಡಬಹುದು.

ಗೋಡೆಯ ಪ್ಲಗ್ ಕಿತ್ತು ಪಕ್ಕಕ್ಕಿಡಬೇಕು; ಸ್ವಿಚ್ ಆರಿಸಿದರಷ್ಟೇ ಸಾಲದು. ಆಮೇಲೆ ಶುರುಮಾಡುವ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಬಹುಪಾಲು ಹರಿದುಹೋಗುತ್ತದೆ. ಪಕ್ಕದ ಬಾಗಿಲು ತೆಗೆದು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಬೇಕು. ಮೈಮೇಲಿನ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ತಗುಲದಿರಲು ಈ ಉಪಾಯ. ಒಳಗಿನ ಜೋಡಣೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಯಾವುದು ಎಲ್ಲಿತ್ತು ಎಂಬ ಗೊಂದಲ ಬರುವುದಿಲ್ಲ.

ಡಿಸ್ಕಿಗೆ ಹೋಗಿರುವ ಎರಡೂ ಕೇಬಲ್‌ಗಳನ್ನು ಮೆಲ್ಲಗೆ ಕಳಚಿ, ಧೂಳನ್ನು ಒಣ ಮೃದು ಕುಂಚದಿಂದ ಒರೆಸಿ, ಮತ್ತೆ ನೇರವಾಗಿ ಒತ್ತಬೇಕು. ಕೇಬಲ್ಲಿನ ಇನ್ನೊಂದು ತುದಿ ಮದರ್‌ಬೋರ್ಡಿನಲ್ಲಿದೆ, ಅದನ್ನು ಮರೆಯಬಾರದು. ಮಾಹಿತಿಯ ಕೇಬಲ್ಲಿನ ಬಾಯಿ ಇಂಗ್ಲಿಷಿನ ಎಲ್ ಆಕಾರದಲ್ಲಿರುವುದರಿಂದ ತಲೆಕೆಳಗಾಗಿ ಕೂರುವುದಿಲ್ಲ. ಕೂರದಿದ್ದರೆ ಬಲ ಹಾಕುವ ಬದಲು ತಿರುಗಿಸಿ ನೋಡಬೇಕು. ಆಗಲೂ ಹೆಸರು ಕಾಣದಿದ್ದರೆ ಮದರ್‌ಬೋರ್ಡಿನ ಪಕ್ಕದ ಕಿಂಡಿಗೆ ಕೇಬಲ್ ಬದಲಿಸುವುದು, ಆಮೇಲೆ ಬೇರೆ ಕೇಬಲ್ ಹಾಕಿ ನೋಡುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ.

ಎರಡು ವಸ್ತುಗಳ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಕೂಡದು. ಒಂದು, ವಿದ್ಯುತ್ ಪೂರೈಸುವ ಡಬ್ಬಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಇನ್ನೊಂದು, ಹಾರ್ಡ್ ಡಿಸ್ಕು.

ಪಂಪ್‌ಸೆಟ್ಟಿನ ಪಾಠ

ಹುನಗುಂದದ ಕಡೆಯ ಹೊಲದಲ್ಲಿ ಬೋರಿನ ಮೋಟಾರು ಇಟ್ಟವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ವೋಲ್ಟೇಜ್ ಕಡಿಮೆಯಿದ್ದಾಗ ಸ್ಟಾರ್ಟರ್ ಒತ್ತಿದರೆ ಮೋಟಾರು ‘ಗುಂಯ್’ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ನಿಂತ ಮೋಟಾರು ತಿರುಗಲು ತೊಡಗುವ ಕ್ಷಣದಲ್ಲಿ ಬೇಕಾಗುವ ವಿದ್ಯುತ್ತು, ತಿರುಗುತ್ತಿರುವಾಗ ಬೇಕಾಗುವುದಕ್ಕಿಂತ ಹೆಚ್ಚು.

ಹಾರ್ಡ್ ಡಿಸ್ಕಿನೊಳಗಿರುವುದೂ ಒಂದು ಮೋಟಾರೇ. ಟೇಬಲ್ಲಿನ ಕಂಪ್ಯೂಟರಿನಲ್ಲಿ ಅದು ನಡೆಯುವುದು 12 ವೋಲ್ಟಿನಲ್ಲಿ. ಅದರ ಎಲೆಕ್ಟ್ರಾನಿಕ್ ಭಾಗಕ್ಕೆ 5 ವೋಲ್ಟು ಬೇಕು. ಮನೆಯ 230 ವೋಲ್ಟನ್ನು ಹೀಗೆ ಇಳಿಸಿ ಕೊಡುವುದು ಆ ಡಬ್ಬಿಯ ಕೆಲಸ. ಡಬ್ಬಿ ಹಳೆಯದಾಗಿ ಸೊರಗಿದ್ದರೆ ಫ್ಯಾನು ತಿರುಗಬಹುದು, ದೀಪ ಹತ್ತಬಹುದು, ಡಿಸ್ಕು ಮಾತ್ರ ಏಳದಿರಬಹುದು. ನೋಡಿದವರು ಡಿಸ್ಕು ಸತ್ತಿತು ಎನ್ನುತ್ತಾರೆ, ಸೊರಗಿದ್ದು ಡಬ್ಬಿ! ಪರೀಕ್ಷೆಗೆ ಕಿವಿಯೇ ಸಾಕು. ಶುರುವಾದಾಗ ಡಿಸ್ಕಿನಿಂದ ಸಣ್ಣ ಗುಂಜಾರವ ಕೇಳಬೇಕು, ಕೈ ಇಟ್ಟರೆ ತುಸು ಅದಿರಬೇಕು. ಏನೂ ಇಲ್ಲದಿದ್ದರೆ ವಿದ್ಯುತ್ ಕೇಬಲ್ಲಿನ ಇನ್ನೊಂದು ಕವಲನ್ನು ಹಾಕಿ ನೋಡಬೇಕು. ಎಸ್.ಎಸ್.ಡಿ.ಗೆ ಈ ಪರೀಕ್ಷೆ ಹೊಂದದು, ಅದರಲ್ಲಿ ತಿರುಗುವಂಥದ್ದು ಏನೂ ಇಲ್ಲ.

ಬರೆಯುತ್ತಿರುವಾಗಲೇ ಕರೆಂಟು ಹೋದರೆ ಡಿಸ್ಕಿನ ಕಡತಗಳು ಅರ್ಧಂಬರ್ಧವಾಗಬಹುದು. ಮುಂದಿನ ಸಲ ಯಂತ್ರ ಏಳದಿರಲು ಇದೂ ಒಂದು ಕಾರಣ. ಟೇಬಲ್ಲಿನ ಕಂಪ್ಯೂಟರಿಗೆ ಒಂದು ಸಣ್ಣ ಯು.ಪಿ.ಎಸ್. ಇದ್ದರೆ ಕಡತ ಉಳಿಸಿ ಕ್ರಮವಾಗಿ ಮುಚ್ಚುವಷ್ಟು ಬಿಡುವು ಸಿಗುತ್ತದೆ.

ಹೆಸರಿದೆ, ಆದರೂ ಏಳುತ್ತಿಲ್ಲ

ಪಟ್ಟಿಯಲ್ಲಿ ಹೆಸರಿದ್ದೂ ಯಂತ್ರ ಏಳದಿದ್ದರೆ ‘ಬೂಟ್ ಆರ್ಡರ್’ ನೋಡಬೇಕು. ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂಬ ಸರದಿ ಅದು. ಡಿಸ್ಕು ಕೊನೆಯಲ್ಲಿದ್ದರೆ ಮೇಲಕ್ಕೆ ತರಬೇಕು.

ಹಳೆಯ ಯಂತ್ರವಾದರೆ ಗಡಿಯಾರವನ್ನೂ ನೋಡಬೇಕು. ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಓಡಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲು ಮುಗಿದಿದೆ. ಸಿ.ಆರ್. 2032 ಎಂಬ 3 ವೋಲ್ಟಿನ ಸೆಲ್ಲು ಅದು. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ಲು ಮುಗಿದಾಗ ಕಾವಲುಗಾರ ತನಗೆ ಹೇಳಿಕೊಟ್ಟಿದ್ದನ್ನು ಮರೆತು ಕಾರ್ಖಾನೆಯಲ್ಲಿ ಕಲಿತ ಪಾಠಕ್ಕೆ ಮರಳುತ್ತಾನೆ. ಡಿಸ್ಕಿನ ಜೊತೆ ಮಾತಾಡುವ ರೀತಿಯೇ ಬದಲಾಗಿಬಿಡಬಹುದು. ‘ಎ.ಎಚ್.ಸಿ.ಐ.’, ‘ರೇಡ್’, ‘ಲೆಗಸಿ’, ‘ಯು.ಇ.ಎಫ್.ಐ.’ ಎಂದು ಬರೆದಿರುವ ಆಯ್ಕೆಗಳು ಇವೇ. ವಿಂಡೋಸ್ ಹಾಕುವಾಗ ಒಂದು ರೀತಿ ಇದ್ದು ಈಗ ಇನ್ನೊಂದಾಗಿದ್ದರೆ ಡಿಸ್ಕು ಗಟ್ಟಿಮುಟ್ಟಾಗಿದ್ದರೂ ಯಂತ್ರ ಏಳುವುದಿಲ್ಲ. ಹಳೆಯ ಆಯ್ಕೆಗೆ ಮರಳಿಸಿದರೆ ಏಳುತ್ತದೆ.

ಒಂದು ಎಚ್ಚರಿಕೆ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ‘ಬಿಟ್‌ಲಾಕರ್’ ಎಂಬ ಬೀಗ ಬಿದ್ದಿರುತ್ತದೆ, ಎಷ್ಟೋ ಸಲ ಮಾಲೀಕರಿಗೆ ಗೊತ್ತೇ ಇಲ್ಲದೆ. ಕಾವಲುಗಾರನ ಕಚೇರಿಯಲ್ಲಿ ಏನಾದರೂ ಬದಲಿಸಿದರೆ ಅದು 48 ಅಂಕಿಗಳ ಕೀಲಿ ಕೇಳಬಹುದು. ಕೀಲಿ ಇಲ್ಲದಿದ್ದರೆ ಕಡತಗಳು ಕಣ್ಣೆದುರಿದ್ದೂ ಕೈಗೆ ಸಿಗುವುದಿಲ್ಲ. ಯಂತ್ರ ಸರಿಯಿರುವಾಗಲೇ ಆ ಕೀಲಿಯನ್ನು ಕಾಗದದ ಮೇಲೆ ಬರೆದು ಮಾರ್ಕ್ಸ್‌ಕಾರ್ಡುಗಳ ಜೊತೆ ಇಟ್ಟಿರುವುದು ಜಾಣತನ.

‘ಕಟ್ ಕಟ್’ ಸದ್ದು ಬಂದರೆ

ಮೊದಲ ಹಾರ್ಡ್ ಡಿಸ್ಕು ಬಂದದ್ದು 1956ರಲ್ಲಿ, ಐ.ಬಿ.ಎಂ. ಕಂಪನಿಯ ರಾಮಾಕ್ ಎಂಬ ಯಂತ್ರದೊಂದಿಗೆ. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್ನು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಬೇಕು. ಅಂಗೈ ಮೇಲೆ ಕೂರುವ ಇಂದಿನ ಹಾರ್ಡ್ ಡಿಸ್ಕಿನೊಳಗೂ ಇರುವುದು ಅದೇ ತತ್ವ. ಹೊಳೆಯುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ತಲೆ ಅವುಗಳನ್ನು ಮುಟ್ಟದೆ, ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ ತೇಲುತ್ತದೆ. ಅಲ್ಲಿ ಒಂದು ಧೂಳಿನ ಕಣವೂ ಬಂಡೆಗಲ್ಲೇ. ಮುಚ್ಚಳ ತೆರೆಯಬಾರದೆನ್ನುವುದು ಅದಕ್ಕಾಗಿಯೇ.

ಒಳಗಿನಿಂದ ತಾಳಬದ್ಧವಾಗಿ ‘ಕಟ್... ಕಟ್...’ ಎಂದು ಸದ್ದು ಬಂದರೆ ಅಥವಾ ಕೆರೆದಂತೆ ಕೇಳಿದರೆ ಆ ಕ್ಷಣವೇ ಯಂತ್ರ ಆರಿಸಬೇಕು. ಇದು ಕೊಂಡಿ ಬಿಟ್ಟ ಸದ್ದಲ್ಲ, ಎಳೆಯೇ ಹರಿಯುತ್ತಿರುವ ಸದ್ದು. ಇನ್ನೊಮ್ಮೆ ನೋಡೋಣ ಎಂದು ಶುರು ಮಾಡಿದಷ್ಟೂ ಉಳಿದ ಮಾಹಿತಿ ಹಾಳಾಗಬಹುದು. ಡಿಸ್ಕಿನಲ್ಲಿರುವುದು ಬೆಲೆಬಾಳುವಂಥದ್ದಾದರೆ ಮಾಹಿತಿ ಮರಳಿ ಪಡೆಯುವುದನ್ನೇ ವೃತ್ತಿಯಾಗಿಸಿಕೊಂಡ ಪ್ರಯೋಗಾಲಯಕ್ಕೆ ಕಳಿಸುವುದೊಂದೇ ದಾರಿ. ಖರ್ಚು ಹೆಚ್ಚು, ಖಾತ್ರಿ ಇಲ್ಲ.

ಅಂಗಡಿಯ ಮುಂದೆ ನಿಂತಾಗ

ಮನೆಯಲ್ಲಿ ಬಗೆಹರಿಯದಿದ್ದರೆ ಬಲ್ಲವರ ಬಳಿ ಒಯ್ಯಲೇಬೇಕು. ಪಾಲಕರು ಅಲ್ಲಿ ಹೇಳಬೇಕಾದ ಮೊದಲ ಮಾತು, ‘ಕಂಪ್ಯೂಟರ್ ಸರಿಮಾಡಿ’ ಎಂದಲ್ಲ; ‘ಇದರೊಳಗಿನ ಕಡತಗಳು ಬೇಕು’ ಎಂದು. ಈ ಎರಡು ಬೇರೆ ಬೇರೆ ಕೆಲಸಗಳು. ಮೊದಲನೆಯದನ್ನಷ್ಟೇ ಕೇಳಿಸಿಕೊಂಡವರು ಫಾರ್ಮ್ಯಾಟ್ ಮಾಡಿ, ಹೊಸ ವಿಂಡೋಸ್ ಹಾಕಿ, ಅಚ್ಚುಕಟ್ಟಾಗಿ ಓಡುವ ಯಂತ್ರ ಕೊಟ್ಟುಬಿಡಬಹುದು. ಯಂತ್ರ ಬಂತು, ವರದಿ ಹೋಯಿತು!

ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿ ಹರಿದು ಹಾಕಿದಂತೆ. ತಿರುಗುವ ಡಿಸ್ಕಿನಲ್ಲಿ ತರಾತುರಿಯ ಫಾರ್ಮ್ಯಾಟ್ ಆದ ಮೇಲೂ ಪುಟಗಳು ಸ್ವಲ್ಪ ಕಾಲ ಉಳಿದಿರುತ್ತವೆ. ಅದರ ಮೇಲೆ ಹೊಸದನ್ನು ಬರೆದಂತೆಲ್ಲ ಹಳೆಯದು ಅಳಿಯುತ್ತದೆ. ಎಸ್.ಎಸ್.ಡಿ.ಯಲ್ಲಾದರೆ ಖಾಲಿಯೆಂದು ಗುರುತಾದ ಜಾಗವನ್ನು ಅದು ತಾನೇ ಬೇಗನೆ ಒರೆಸಿಬಿಡಬಹುದು.

ಇದಕ್ಕೆ ಬದಲಾಗಿ ಎರಡು ದಾರಿಗಳಿವೆ. ಲಿನಕ್ಸ್ ತುಂಬಿದ ಪೆನ್ ಡ್ರೈವಿನಿಂದ ಯಂತ್ರವನ್ನು ಶುರು ಮಾಡಿ, ಒಳಗಿನ ಡಿಸ್ಕಿಗೆ ಏನನ್ನೂ ಬರೆಯದೆ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸುವುದು ಒಂದು. ಡಿಸ್ಕನ್ನು ಕಳಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನಕಲಿಸುವುದು ಇನ್ನೊಂದು. ಹಾಗೆ ಜೋಡಿಸಿದಾಗ ‘ಫಾರ್ಮ್ಯಾಟ್ ಮಾಡಲೆ?’ ಎಂದು ವಿಂಡೋಸ್ ಕೇಳಿದರೆ ಉತ್ತರ ‘ಬೇಡ’ ಎಂದೇ ಆಗಿರಬೇಕು. ಕಡತಗಳು ಕೈಗೆ ಬಂದ ಮೇಲೆ ಏನು ಬೇಕಾದರೂ ಮಾಡಿಕೊಳ್ಳಲಿ.

ಬಾದಾಮಿಯ ಬಂಡೆ ಹೇಳುವುದು

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಚಾಲುಕ್ಯರ ಮಂಗಲೇಶನ ಹೆಸರನ್ನು ಅದು ಇಂದಿಗೂ ಹೇಳುತ್ತದೆ. ಕಪ್ಪೆ ಅರಭಟ್ಟನ ಗುಣಗಾನ ಮಾಡುವ ಕನ್ನಡ ಶಾಸನ ಅದೇ ಊರಿನ ಬಂಡೆಯ ಮೇಲೆ ಮಳೆ ಬಿಸಿಲಿಗೆ ಮೈಯೊಡ್ಡಿ ಸುಮಾರು 13 ಶತಮಾನಗಳಿಂದ ನಿಂತಿದೆ. ಅವನ್ನು ಓದಲು ಕರೆಂಟು ಬೇಡ, ಕೇಬಲ್ ಬೇಡ. ಮನುಷ್ಯ ಆಮೇಲೆ ಕಂಡುಕೊಂಡ ಬರಹದ ಹಲಗೆಗಳೆಲ್ಲ ಹೆಚ್ಚು ಹಿಡಿಸುತ್ತ, ಕಡಿಮೆ ಬಾಳುತ್ತ ಬಂದಿವೆ. ಬಂಡೆಗೆ ಹೋಲಿಸಿದರೆ ಹಾರ್ಡ್ ಡಿಸ್ಕಿನ ಆಯುಷ್ಯ ಒಂದು ಗಳಿಗೆ.

ಹಾಗಾಗಿ ಅದರ ಮೇಲಿನ ಬರಹ ಉಳಿಯಬೇಕಾದರೆ ಇರುವ ಉಪಾಯ ಒಂದೇ, ಒಂದಕ್ಕಿಂತ ಹೆಚ್ಚು ಕಡೆ ಬರೆದಿಡುವುದು. ಬಲ್ಲವರು ಹೇಳುವ ಸೂತ್ರ ಮೂರು, ಎರಡು, ಒಂದು. ಮುಖ್ಯವಾದದ್ದರ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದಾದರೂ ಮನೆಯ ಹೊರಗೆ. ವಿದ್ಯಾರ್ಥಿಗೆ ಇದು ದೊಡ್ಡ ಹೊರೆಯೇನಲ್ಲ. ಕಂಪ್ಯೂಟರಿನಲ್ಲಿ ಒಂದು, ಪೆನ್ ಡ್ರೈವಿನಲ್ಲಿ ಒಂದು, ತನಗೆ ತಾನೇ ಕಳಿಸಿಕೊಂಡ ಇ-ಮೇಲಿನಲ್ಲಿ ಒಂದು. ದಿನದ ಕೊನೆಗೆ ಐದು ನಿಮಿಷದ ಕೆಲಸ.

ಕಾಗದಪತ್ರದ ಬೆಲೆಯನ್ನು ಬಾಗಲಕೋಟೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಿ ನವನಗರಕ್ಕೆ ಮನೆ ಬದಲಿಸಿದ ಕುಟುಂಬಗಳಿಗೆ ಟ್ರಂಕಿನ ತಳದಲ್ಲಿಟ್ಟ ಒಂದು ಹಾಳೆ ಎಷ್ಟು ದೊಡ್ಡದಾಗಬಲ್ಲದು ಎಂಬುದು ಗೊತ್ತು. ಇಂದಿನ ಮಕ್ಕಳ ಟ್ರಂಕು ಆ ಡಿಸ್ಕು. ಅದರಲ್ಲಿ ವಿದ್ಯಾರ್ಥಿವೇತನದ ಅರ್ಜಿ, ಜಾತಿ ಆದಾಯದ ಪ್ರಮಾಣಪತ್ರ, ಅಂಕಪಟ್ಟಿ, ಅಜ್ಜಿಯ ಕೊನೆಯ ಫೋಟೋ ಎಲ್ಲ ಇರುತ್ತವೆ.

ಮತ್ತೆ ಇಳಕಲ್ಲಿನ ಆ ಪಡಸಾಲೆಗೆ ಬರೋಣ. ಭಾನುವಾರ ಬೆಳಿಗ್ಗೆ ಮಗಳು ಅಂಗಡಿಗೆ ಹೋಗುವ ಮುನ್ನ ಒಂದು ಸಲ ಕಾವಲುಗಾರನ ಪಟ್ಟಿ ನೋಡುತ್ತಾಳೆ. ಡಿಸ್ಕಿನ ಹೆಸರಿಲ್ಲ. ಪ್ಲಗ್ ಕಿತ್ತು ಪಕ್ಕದ ಬಾಗಿಲು ತೆಗೆಯುತ್ತಾಳೆ. ಅಪ್ಪ ಟಾರ್ಚ್ ಹಿಡಿಯುತ್ತಾರೆ. ಮಾಹಿತಿಯ ಕಿರಿದಾದ ಕೇಬಲ್ಲು ಡಿಸ್ಕಿನ ಬಾಯಿಂದ ಅರ್ಧ ಹೊರಬಂದು ಓರೆಯಾಗಿ ನಿಂತಿದೆ. ಬಸ್ಸಿನ ಕುಲುಕಾಟದ ಪ್ರಸಾದ! ಅದನ್ನು ನೋಡಿ ಅಪ್ಪನಿಗೆ ನಗು.

“ಇಷ್ಟ ಏನು? ಕೊಂಡಿ ಬಿಟ್ಟೈತಿ ತಗೋ. ಸೀರಿ ಹರದಿಲ್ಲ.”

ಕೇಬಲ್ ಒತ್ತಿದಾಗ ‘ಟಿಕ್’ ಎಂದಿತು. ಯಂತ್ರ ಎದ್ದಿತು. ಬಾಕಿ ಹತ್ತು ಪುಟ ಬರೆಯಲು ಕೂರುವ ಮೊದಲು ಅವಳು ಪೆನ್ ಡ್ರೈವ್ ಹುಡುಕಿ ತಂದು, ವರದಿಯ ಒಂದು ಪ್ರತಿಯನ್ನು ಅದರಲ್ಲಿ ಇಟ್ಟಳು.